ಕಿರುಚಕ್ಕನ ಗುಮಾನಿ

ಸಾಯುವುದೇ ಅವಳ ಕಸುಬು. ಬೆಂಕಿಗೆ ಬಿದ್ದು ಸಾಯುತ್ತಿದ್ದಳು, ನೀರಲ್ಲಿ ಮುಳುಗಿ ಸಾಯುತ್ತಿದ್ದಳು, ಕೋಟೆ ಗೋಡೆಯಿಂದ ಜಾರಿ, ಬೆನ್ನಿಗೆ ಬಾಣ ನಾಟಿ, ಹೆಸರೇ ಇಲ್ಲದ ಪ್ರಾಣಿಗಳ ಬಾಯಿಗೆ ಸಿಕ್ಕಿ ಸಾಯುತ್ತಿದ್ದಳು. ಸತ್ತಾದ ಮೇಲೆ ಒಂದು ಗುಟುಕು ಬಿಸಿನೀರು ಕುಡಿದು ಮತ್ತೆ ಸಾಯುತ್ತಿದ್ದಳು. ವಿಡಿಯೋ ಗೇಮ್ ಮಾಡುವ ಒಂದು ಕಂಪನಿಯಲ್ಲಿ ಅವಳು ಧ್ವನಿ ಕೊಡುವ ಕೆಲಸಕ್ಕಿದ್ದಳು. ಆಡುವವರು ಪರದೆಯ ಮೇಲೆ ಯಾವ ಹೆಂಗಸನ್ನು ಕೊಂದರೂ ಹೊರಡುತ್ತಿದ್ದ ಚೀರು ಅವಳದೇ. ಕಚೇರಿಯ ಎಳೆಯರು ಅವಳಿಗೆ ಕಿರುಚಕ್ಕ ಅಂತ ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಹೇಳುತ್ತಿದ್ದವರು ಆಮೇಲೆ ಎದುರಿಗೇ ಕರೆಯತೊಡಗಿದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಈ ಹೆಸರನ್ನು ತಾನು ದುಡಿದು ಸಂಪಾದಿಸಿದ್ದೇನೆ ಅನ್ನುವುದು ಅವಳ ಲೆಕ್ಕ.

ಕಷ್ಟವೆಲ್ಲ ಗಂಡನಿಗೆ. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲ ಹೊಂಡಗಳಲ್ಲಿ ಇಳಿದು ಗ್ರೀಸು ಬಳಿಯುವ ಮನುಷ್ಯ, ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಹಾಗೆ ಸುಮ್ಮನಿರುತ್ತಿದ್ದವನು. ಹೆಂಡತಿ ಮನೆಯಲ್ಲಿ ಅಭ್ಯಾಸ ಮಾಡುವಾಗ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬಾಯಿಗೆ ದಿಂಬು ಒತ್ತಿಕೊಂಡೇ ಕಿರುಚುತ್ತಿದ್ದಳು. ಆದರೂ ಗೋಡೆಗೆ ಕಿವಿ ಇರುತ್ತದಲ್ಲ. ಪಕ್ಕದ ಮನೆಯ ರಿಟೈರಾದ ನರ್ಸು ಒಂದು ದಿನ ಸಕ್ಕರೆ ಕೇಳುವ ನೆಪದಲ್ಲಿ ಬಂದು, ಸಕ್ಕರೆ ಬಿಟ್ಟು ಇವಳ ಮಣಿಕಟ್ಟನ್ನೇ ನೋಡುತ್ತ ನಿಂತಳು.

"ಮನೇಲಿ ಎಲ್ಲಾ ಸರಿಯಾಗಿದೆಯೇನಮ್ಮಾ?"

"ಚೆನ್ನಾಗಿದೆ ಆಂಟಿ."

"ನನ್ನ ಹತ್ರ ಮುಚ್ಚಿಡಬೇಡ. ಆಸ್ಪತ್ರೇಲಿ ನಾನು ಎಷ್ಟೋ ಕಂಡೋಳು. ಮೆತ್ತಗೆ ಕಾಣೋ ಗಂಡಸರೇ ಜಾಸ್ತಿ ಅಪಾಯ."

"ಅಯ್ಯೋ! ಅದು ನನ್ನ ಕೆಲಸ ಆಂಟಿ."

"ಹೊಡೆಸಿಕೊಳ್ಳೋದು ಯಾರ ಕೆಲಸಾನೂ ಅಲ್ಲ ಕಣಮ್ಮ."

ಕಿರುಚಕ್ಕ ತನ್ನ ಮಗಳ ಫೋನಿನಲ್ಲಿ ಗೇಮ್ ಹಾಕಿ, ನಾಲ್ಕು ಜನರನ್ನು ಕೊಂದು ತೋರಿಸಿದ ಮೇಲೆ ನರ್ಸು ಅರೆಮನಸ್ಸಿನಿಂದ ಒಪ್ಪಿದಳು. ಆದರೂ ಮೆಟ್ಟಿಲಲ್ಲಿ ಲಿಫ್ಟಿನವನು ಎದುರಾಗಿ ನಮಸ್ಕಾರ ಅಂದರೆ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಅವನ ಕೈಗೆ.

ಕಿರುಚಕ್ಕನಿಗೆ ಇದು ತಮಾಷೆ. ನರ್ಸನ್ನು ಅವಳು ಬೈಯಲೂ ಇಲ್ಲ. ಅನುಮಾನದ ವಿಷಯದಲ್ಲಿ ಅವಳೇನು ಕಡಿಮೆ ಇರಲಿಲ್ಲವಲ್ಲ. ಅಂಗಡಿಯವನು ತೂಕಕ್ಕಿಂತ ಹೆಚ್ಚು ಹಾಕಿಕೊಟ್ಟರೆ ಹಣ್ಣು ಕೊಳೆತಿರಬೇಕು ಅನ್ನುವಳು. ಯಾರಾದರೂ ಹೊಗಳಿದರೆ, ಇವರಿಗೆ ನನ್ನಿಂದ ಏನು ಬೇಕಾಗಿದೆ ಅಂತ ಕಾಯುವಳು. ಹುಟ್ಟುತ್ತಲೇ ಹೀಗಿದ್ದವಳಲ್ಲ, ಒಮ್ಮೆ ಚೆನ್ನಾಗಿ ಬೇಸ್ತುಬಿದ್ದು ಹೀಗಾದವಳು.

ಮದುವೆಯಾದ ಹೊಸದರಲ್ಲಿ ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಅಂತ ಕೂಗುತ್ತಿದ್ದಳು. ದನಿ ಅಂದರೆ ಹಾಗಿತ್ತು, ಮುದುಕರು ಬಸ್ಸು ತಪ್ಪಿಸಿಕೊಂಡಾದರೂ ಇನ್ನೊಮ್ಮೆ ಕೇಳೋಣ ಅಂತ ಕೂರುತ್ತಿದ್ದರಂತೆ. ಒಂದು ದಿನ ಸಾಹೇಬರು ಕರೆದು, ಕುರ್ಚಿ ಎಳೆದು ಕೂರಿಸಿ, ನಿಮ್ಮ ದನಿ ನಮ್ಮ ನಿಲ್ದಾಣದ ಹೆಮ್ಮೆ, ಊರುಗಳ ಹೆಸರು, ಅಂಕಿ ಎಲ್ಲ ಒಂದ್ಸಲ ನಿಧಾನವಾಗಿ ಓದಿ ರೆಕಾರ್ಡ್ ಮಾಡಿಕೊಡಿ, ನೆನಪಿಗಿರಲಿ ಅಂದರು. ಅವಳು ಉಬ್ಬಿಹೋಗಿ ಒಂದೂ ತಪ್ಪಿಲ್ಲದೆ ಓದಿಕೊಟ್ಟಳು. ಮುಂದಿನ ತಿಂಗಳು ಅವಳ ಕುರ್ಚಿ ಅಲ್ಲಿರಲಿಲ್ಲ. ದನಿ ಮಾತ್ರ ಅಲ್ಲೇ ಇತ್ತು. ಕೆಲಸ ಹೋದ ಮೇಲೂ ಬಸ್ಸು ಹಿಡಿಯಲು ಹೋದಾಗಲೆಲ್ಲ, ದಯವಿಟ್ಟು ಗಮನಿಸಿ ಅಂತ ಅವಳಿಗೆ ಅವಳೇ ಹೇಳುತ್ತಿದ್ದಳು. ಸಾಹೇಬರು ಎಳೆದುಕೊಟ್ಟ ಕುರ್ಚಿಯ ನೆನಪಾದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಅಂದಿನಿಂದ ಯಾರೇ ನಯವಾಗಿ ಮಾತಾಡಲಿ, ಅವಳ ಕಿವಿ ನೆಟ್ಟಗಾಗುತ್ತಿತ್ತು.

ಗೇಮಿನ ಕಂಪನಿ ಸೇರುವಾಗಲೂ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಯೇ ಸೇರಿದಳು. ಒಂದು ದೊಡ್ಡ ಕಟ್ಟಡದ ಮೇಲಿನ ಮಹಡಿ. ಸಾಲು ಮೇಜುಗಳು, ಕಿಟಕಿಗೆಲ್ಲ ಪರದೆ, ಮೂಲೆಯಲ್ಲಿ ಬೂದು ಬಣ್ಣದ ಸ್ಪಂಜು ಹೊದಿಸಿದ ಒಂದು ಸಣ್ಣ ಗೂಡು. ಆ ಗೂಡೇ ಅವಳ ಸಾವಿನ ಮನೆ. ಗಾಜಿನ ಆಚೆ ಕೂತು ರೆಕಾರ್ಡ್ ಮಾಡುತ್ತಿದ್ದವನನ್ನು ಎಲ್ಲರೂ ಸೌಂಡಣ್ಣ ಅನ್ನುತ್ತಿದ್ದರು. ಸದ್ದಿನ ಕೆಲಸದಲ್ಲಿ ತಲೆ ನರೆತವನು, ಆದರೆ ಅವನ ಸದ್ದೇ ಯಾರಿಗೂ ಕೇಳಿಸುತ್ತಿರಲಿಲ್ಲ. ಕಂಪನಿಯ ಯಜಮಾನರೋ, ಯಾರು ಏನು ಕೇಳಿದರೂ 'ಆಯ್ತಪ್ಪ, ಆಯ್ತು' ಅನ್ನುವವರು. ಆಮೇಲೆ ಯಾವುದೂ ಆಗುತ್ತಿರಲಿಲ್ಲ. ಹಾಗಾಗಿ ಅವರಿಗೆ ಆಯ್ತಪ್ಪ ಸಾರ್ ಅಂತಲೇ ಹೆಸರು.

ಸೌಂಡಣ್ಣನನ್ನು ಮಾತ್ರ ಅವಳು ನಿಧಾನವಾಗಿ ನಂಬಿದಳು. ಕಿರುಚುವ ಮೊದಲು ಗಂಟಲು ಬಿಸಿಯಾಗಬೇಕು, ತಣ್ಣನೆ ಗಂಟಲಲ್ಲಿ ಚೀರಿದರೆ ಹರಿದುಹೋಗುತ್ತದೆ ಅಂತ ಅವನೇ ಹೇಳಿಕೊಟ್ಟಿದ್ದ. "ಏನಾದ್ರೂ ಮಾತಾಡಿ ಅಕ್ಕ. ಮನೆ ವಿಷಯ, ಊರ ವಿಷಯ, ಏನಾದ್ರೂ. ಗಂಟಲು ಹದಕ್ಕೆ ಬರಲಿ" ಅನ್ನುತ್ತಿದ್ದ. ಅವಳು ಮಾತಾಡುತ್ತಿದ್ದಳು. ಅಮ್ಮನ ವಿಷಯ ಬಂದರೆ ನಿಲ್ಲುತ್ತಲೇ ಇರಲಿಲ್ಲ. "ನಮ್ಮಮ್ಮ ಬೆಕ್ಕಿಗೂ ಬಹುವಚನ ಹಾಕಿ ಬೈಯೋರು. 'ತಾವು ಹಾಲಿನ ಪಾತ್ರೆಗೆ ಬಾಯಿ ಹಾಕಿದಿರಾ, ನಾಚಿಕೆ ಆಗಲಿಲ್ವಾ ತಮಗೆ' ಅಂತ. ಅಪ್ಪನಿಗೆ ಮಾತ್ರ ಏಕವಚನ!" ಗಾಜಿನಾಚೆ ಸೌಂಡಣ್ಣ ಸದ್ದಿಲ್ಲದೆ ಭುಜ ಕುಣಿಸಿ ನಗುತ್ತಿದ್ದ. ಆಮೇಲೆ ಕೈ ಎತ್ತಿದರೆ ಸಾಯುವ ಹೊತ್ತು ಬಂತು ಅಂತ ಅರ್ಥ.

ದೊಡ್ಡ ಗೇಮೊಂದು ಹೊರಬರುವ ದಿನ ಹತ್ತಿರವಾದಂತೆ ಕಚೇರಿಯ ಬಣ್ಣವೇ ಬದಲಾಯಿತು. ಪ್ರೋಗ್ರಾಂ ಬರೆಯುವವರು ಮೇಜಿನ ಕೆಳಗೆ ಹಾಸಿಗೆ ಬಿಡಿಸಿದರು. ಒಬ್ಬನ ಹೆಂಡತಿ ಬಾಗಿಲಿಗೆ ಬಂದು ಒಗೆದ ಶರ್ಟು ಕೊಟ್ಟು, ಕೊಳೆಯದನ್ನು ಇಸಿದುಕೊಂಡು ಹೋಗುತ್ತಿದ್ದಳು. ಚಿತ್ರ ಬರೆಯುವ ಹುಡುಗಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಕೂರುತ್ತಿದ್ದಳು. ಆಗ ಆಯ್ತಪ್ಪ ಸಾರ್ ಒಬ್ಬ ಹೊಸಬಳನ್ನು ತಂದರು. ನೌಕರರ ಕ್ಷೇಮ ನೋಡಿಕೊಳ್ಳುವುದೇ ಅವಳ ಕೆಲಸವಂತೆ. ಎಲ್ಲರೂ ಅವಳನ್ನು ಕ್ಷೇಮದ ಮೇಡಂ ಅಂದರು. ಮೂವತ್ತರ ಆಸುಪಾಸಿನವಳು, ಮುಖದಿಂದ ನಗು ಇಳಿಸದವಳು. ಬಂದವಳೇ ಕಿಟಕಿಗಳಲ್ಲಿ ಗಿಡ ಇಟ್ಟಳು, ಊಟದ ಕೋಣೆಗೆ ಮೆತ್ತನೆ ದಿಂಬು ತರಿಸಿದಳು, ಬನ್ನಿ, ನಿಮ್ಮ ಕಷ್ಟ ಹೇಳಿಕೊಳ್ಳಿ ಅಂತ ಒಬ್ಬೊಬ್ಬರನ್ನೇ ಕರೆದು ಕೂರಿಸಿದಳು.

"ಮನೆಗೆ ಕಳಿಸೋ ಬದಲು ದಿಂಬು ಕೊಡ್ತಾರೆ" ಅಂದಳು ಕಿರುಚಕ್ಕ. "ಹೇಳಿಕೊಂಡ ಕಷ್ಟವೆಲ್ಲ ಸೀದಾ ಯಾರ ಕಿವಿಗೆ ಹೋಗುತ್ತೆ ಅಂತ ಯೋಚನೆ ಮಾಡ್ರೋ." ಆವತ್ತಿನಿಂದ ಕಚೇರಿಯಲ್ಲಿ ಕ್ಷೇಮದ ಮೇಡಂ ಹತ್ತಿರ ಬಂದರೆ ಜನ ಹವಾಮಾನದ ಬಗ್ಗೆ ಮಾತಾಡತೊಡಗಿದರು.

ಅದಾದ ಸ್ವಲ್ಪ ದಿನಕ್ಕೆ ಊರಿಗೆ ಊರೇ ಉರಿದುಹೋಗುವ ದೃಶ್ಯದ ರೆಕಾರ್ಡಿಂಗು ಬಂತು. ಆ ಊರಿನ ಹೆಂಗಸರೆಲ್ಲ ಅವಳೊಬ್ಬಳೇ. ಮುದುಕಿಯಾಗಿ ಸತ್ತಳು, ಬಸುರಿಯಾಗಿ ಸತ್ತಳು, ಮಗುವನ್ನು ಹುಡುಕುತ್ತ ಹೊಗೆಯಲ್ಲಿ ಸತ್ತಳು. "ಇನ್ನೂ ಸ್ವಲ್ಪ ಉರಿ ಬೇಕಂತೆ ಅಕ್ಕ" ಅಂದ ಸೌಂಡಣ್ಣ, ಯಜಮಾನರ ಮಾತನ್ನು ದಾಟಿಸುತ್ತ. ಅವಳು ಇನ್ನೂ ಸ್ವಲ್ಪ ಉರಿದಳು. ಗಂಟಲಲ್ಲಿ ಏನೋ ಪಟ್ ಅಂತ ಕಿತ್ತುಕೊಂಡ ಹಾಗಾಯಿತು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ನೀರು ಅನ್ನಲು ಬಾಯಿ ತೆರೆದರೆ ಗಾಳಿ ಬಂತೇ ಹೊರತು ದನಿ ಬರಲಿಲ್ಲ.

ಗಂಟಲ ಡಾಕ್ಟರು ಮೂಗಿನೊಳಗೆ ಸಣ್ಣ ಕ್ಯಾಮರಾ ಇಳಿಸಿ ನೋಡಿ, ಧ್ವನಿತಂತಿಯಲ್ಲಿ ರಕ್ತ ಒಸರಿದೆ ಅಂದರು. "ಮಾತು ಪೂರ್ತಿ ಬಂದ್. ಪಿಸುಮಾತೂ ಕೂಡದು, ಪಿಸುಗುಟ್ಟೋದು ಇನ್ನೂ ಕೆಟ್ಟದ್ದು. ನಗೋದು, ಕೆಮ್ಮೋದು ಆದಷ್ಟು ತಡಕೊಳ್ಳಿ."

"ಎಲ್ಲಿವರೆಗೆ ಡಾಕ್ಟ್ರೇ?" ಅಂದ ಗಂಡ.

"ನಾನು ಸಾಕು ಅನ್ನೋವರೆಗೆ."

ಬಾಯಿಗೆ ಬೀಗ ಬಿತ್ತು. ಮಗಳು ತನ್ನ ಹಳೆಯ ಸ್ಲೇಟನ್ನು ಅಟ್ಟದಿಂದ ಇಳಿಸಿ ತೊಳೆದು ಕೊಟ್ಟಳು. ಮನೆಯಲ್ಲಿ ಒಂದು ವಿಚಿತ್ರ ಆಯಿತು. ಹೆಂಡತಿ ಸುಮ್ಮನಾದ ಕೂಡಲೇ ಗಂಡ ಮಾತಾಡತೊಡಗಿದ. ಅಷ್ಟು ವರ್ಷದಿಂದ ಎಲ್ಲಿ ಕೂಡಿಟ್ಟಿದ್ದನೋ ಏನೋ, ಯಾವ ಲಿಫ್ಟು ಯಾವ ಮಹಡಿಯಲ್ಲಿ ಸಿಕ್ಕಿಕೊಂಡಿತು, ಒಳಗಿದ್ದ ದಂಪತಿ ಹೇಗೆ ಜಗಳ ಆಡಿದರು, ಬಾಗಿಲು ತೆಗೆಯುವಷ್ಟರಲ್ಲಿ ಹೇಗೆ ರಾಜಿಯಾದರು, ಎಲ್ಲ ಹೇಳಿದ. ಅವಳು ನಗು ತಡೆಯಲಾರದೆ ಸ್ಲೇಟಿನ ಮೇಲೆ ಬರೆದಳು: 'ಸಾಕು. ಡಾಕ್ಟರು ನಗಬೇಡ ಅಂದಿದ್ದಾರೆ.'

ಆದರೆ ಸುಮ್ಮನಿರುವ ಬಾಯಿಯ ಕೆಲಸವನ್ನೆಲ್ಲ ತಲೆ ಮಾಡುತ್ತದೆ. ತಲೆಗೆ ಕೆಲಸ ಒದಗಿಸಿದವಳು ಕ್ಷೇಮದ ಮೇಡಂ. ಮೊದಲ ಸಲ ಹಣ್ಣು ಹಿಡಿದು ಬಂದಳು, ಎರಡನೇ ಸಲ ಹಬೆ ತೆಗೆದುಕೊಳ್ಳುವ ಯಂತ್ರ. ಆಸ್ಪತ್ರೆಯ ಖರ್ಚು ಕಂಪನಿಯದು, ರಜೆಗೆ ಸಂಬಳ ಕಡಿತ ಇಲ್ಲ ಅಂದಳು. ಕಿರುಚಕ್ಕ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊಳೆತಿರಲಿಲ್ಲ. ಅದಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ.

"ಯಾವ ಅವಸರವೂ ಇಲ್ಲ ಅಕ್ಕ. ಪೂರ್ತಿ ಹುಷಾರಾಗಿ ಬನ್ನಿ. ಕೆಲಸವೇನೂ ನಿಂತಿಲ್ಲ."

ನಿಂತಿಲ್ಲವೇ? ಗೇಮು ಹೊರಬರುವ ದಿನ ತಲೆ ಮೇಲೆ ಕೂತಿದೆ. ಅರ್ಧ ಊರು ಇನ್ನೂ ಉರಿಯಬೇಕು. ಉರಿಯುವವಳು ಇಲ್ಲಿ ಸ್ಲೇಟು ಹಿಡಿದು ಕೂತಿದ್ದಾಳೆ. ಅವಳು ಬರೆದಳು: 'ಯಾರು ಮಾಡ್ತಿದಾರೆ?'

"ಹೇಗೋ ಸುಧಾರಿಸ್ತಿದಾರೆ ಅಕ್ಕ" ಅಂದ ಮೇಡಂ ಕಿಟಕಿಯ ಕಡೆ ನೋಡಿದಳು.

ಆಮೇಲಿನ ಭೇಟಿಗಳಲ್ಲಿ ಪ್ರಶ್ನೆಗಳು ಶುರುವಾದವು. ಎತ್ತರದಿಂದ ಬೀಳುವ ಚೀರಿಗೆ ಉಸಿರು ಎಲ್ಲಿಂದ ತೆಗೆಯುತ್ತೀರಿ? ಹೊಟ್ಟೆಯಿಂದಲಾ, ಎದೆಯಿಂದಲಾ? ಕೊನೆಯಲ್ಲಿ ದನಿ ಒಡೆಯುವುದನ್ನು ಬೇಕಂತಲೇ ಮಾಡುತ್ತೀರಾ? "ಸುಮ್ನೆ, ಕುತೂಹಲಕ್ಕೆ" ಅನ್ನುತ್ತಿದ್ದಳು. ಕಿರುಚಕ್ಕ ಮೊದಲು ಹಿಗ್ಗಿ ಸ್ಲೇಟು ತುಂಬ ಬರೆದಳು, ಆಮೇಲೆ ಬಳಪ ಹಿಡಿದ ಕೈ ತಾನಾಗಿ ನಿಧಾನವಾಯಿತು. ನನ್ನ ಕಸುಬಿನ ಮೇಲೆ ಇವಳಿಗೇನು ಇಷ್ಟು ಪ್ರೀತಿ? ಅದೂ ಅಲ್ಲದೆ ಮೇಡಂ ದನಿ ಒಡೆದಿತ್ತು, ಮಾತಿಗೊಮ್ಮೆ ಕೆಮ್ಮಿನ ಗುಳಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನೆಗಡಿ ಅಂದಳು. ಮೂಗು ಮಾತ್ರ ಒಣಗಿಕೊಂಡೇ ಇತ್ತು. ನನ್ನ ಮುಂದೆ ಗಂಟಲು ನೋವಿನ ನಾಟಕ ಆಡಿ ಕನಿಕರ ತೋರಿಸುತ್ತಿದ್ದಾಳೆ ಅಂದುಕೊಂಡಳು ಕಿರುಚಕ್ಕ.

ಆ ವಾರವೇ ಮಗಳು ಕಾಲೇಜಿನಿಂದ ಓಡಿಬಂದು ಫೋನು ಚಾಚಿದಳು. "ಅಮ್ಮಾ, ಇದನ್ನ ಯಾವಾಗ ಮಾಡಿದೆ? ನಂಗೆ ಹೇಳಲೇ ಇಲ್ವಲ್ಲ!"

ಹೊಸ ಗೇಮಿನ ಜಾಹೀರಾತು. ಉರಿಯುವ ಊರು, ಬಾಗಿಲ ಚೌಕಟ್ಟಿನಡಿ ಸಿಕ್ಕಿಕೊಂಡ ಹೆಂಗಸು. ಅವಳು ಚೀರುತ್ತಾಳೆ, ಆಮೇಲೆ ಉಸಿರು ಕಟ್ಟಿ ಹೇಳುತ್ತಾಳೆ: "ನನ್ನನ್ನ ಇಲ್ಲೇ ಬಿಟ್ಟು ಹೋಗು. ತಿರುಗಿ ನೋಡಬೇಡ."

ಅದು ಕಿರುಚಕ್ಕನ ದನಿ. ಮಾತಿನ ಕೊನೆಯನ್ನು ನುಂಗುವ ರೀತಿ, 'ಬಿಟ್ಟು' ಅನ್ನುವ ಮೊದಲು ಉಸಿರು ತಡೆಯುವ ರೀತಿ ಎಲ್ಲ ಅವಳದೇ. ಆದರೆ ಈ ಮಾತನ್ನು ಅವಳು ಜನ್ಮದಲ್ಲಿ ಆಡಿರಲಿಲ್ಲ. ಮತ್ತೆ ಮತ್ತೆ ಹಾಕಿಸಿ ಕೇಳಿದಳು. ಮಗಳು ಹೆದರಿ, "ಕಂಪ್ಯೂಟರಿಗೆ ಒಬ್ಬರ ದನಿ ತಿನ್ನಿಸಿದ್ರೆ ಏನು ಬೇಕಾದ್ರೂ ಅವರ ಹಾಗೇ ಹೇಳುತ್ತಂತೆ ಅಮ್ಮ" ಅಂದಳು.

ತಿನ್ನಿಸಲು ಏನಿತ್ತು ಅವರ ಹತ್ತಿರ? ಬರೀ ಚೀರಿನಿಂದ ಮಾತು ಹುಟ್ಟುವುದಿಲ್ಲ. ಮಾತು ಹುಟ್ಟಬೇಕಾದರೆ ಮಾತೇ ಬೇಕು. ಏನಾದ್ರೂ ಮಾತಾಡಿ ಅಕ್ಕ, ಗಂಟಲು ಹದಕ್ಕೆ ಬರಲಿ... ಸೌಂಡಣ್ಣನ ಭುಜ ಕುಣಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಕಂಪನಿಯಲ್ಲಿ ಅವಳು ನಂಬಿದ್ದವನು ಅವನೊಬ್ಬನೇ. ಅಲ್ಲಿಗೆ ಎಲ್ಲ ಕೂಡಿಬಂತು. ಆ ಮಾತುಕತೆ, ಸಂಬಳದ ರಜೆ, ಹಬೆಯ ಯಂತ್ರ, ಅವಸರವಿಲ್ಲ ಅಕ್ಕ. ಕುರ್ಚಿ ಎಳೆದು ಕೂರಿಸುವ ಹೊಸ ವಿಧಾನ ಇದು.

"ಹೋಗಿ ಕೇಳು" ಅಂದ ಗಂಡ.

'ಹೇಗೆ ಕೇಳಲಿ?'

"ಸ್ಲೇಟು ತಗೊಂಡು ಹೋಗು. ನಾನೂ ಬರ್ಲಾ?"

ಬೇಡ ಅಂತ ತಲೆಯಾಡಿಸಿದಳು. ಅವನು ಬಂದರೆ ಎಲ್ಲರೂ ಅವನ ಹತ್ತಿರ ಮಾತಾಡುತ್ತಾರೆ, ಇವಳನ್ನು ಕೂರಿಸುತ್ತಾರೆ.

ಬೆಳಿಗ್ಗೆ ಕಚೇರಿಗೆ ಕಾಲಿಟ್ಟಾಗ ಯಾರೂ ಅವಳನ್ನು ಗಮನಿಸಲಿಲ್ಲ, ಎಲ್ಲರ ಕಣ್ಣೂ ಪರದೆಗೆ ಅಂಟಿತ್ತು. ಮೂಲೆಯ ಗೂಡಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಸೌಂಡಣ್ಣನ ಕೋಣೆಯ ಬಾಗಿಲನ್ನು ಅವಳು ಸದ್ದಾಗದಂತೆ ತಳ್ಳಿದಳು. ಅವನು ಬೆನ್ನು ಹಾಕಿ ಕೂತಿದ್ದ. ಸ್ಪೀಕರಿನಿಂದ ಅವಳದೇ ದನಿ ಬರುತ್ತಿತ್ತು: "ನಮ್ಮಮ್ಮ ಬೆಕ್ಕಿಗೂ ಬಹುವಚನ ಹಾಕಿ ಬೈಯೋರು..." ಅದು ನಿಂತಿತು. ಗಾಜಿನಾಚೆಯಿಂದ ಇನ್ನೊಂದು ದನಿ ಅದನ್ನೇ ಹೇಳಿತು: "ನಮ್ಮಮ್ಮ ಬೆಕ್ಕಿಗೂ ಬಹುವಚನ ಹಾಕಿ ಬೈಯೋರು."

ಗೂಡಿನಲ್ಲಿ ಯಂತ್ರವಿರಲಿಲ್ಲ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕೂದಲು ಎತ್ತಿ ಕಟ್ಟಿಕೊಂಡು, ಕ್ಷೇಮದ ಮೇಡಂ ನಿಂತಿದ್ದಳು.

ಸೌಂಡಣ್ಣ ಕೈ ಎತ್ತಿದ. ಅವಳು ಚೀರಿದಳು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದವು, ಮುಖ ಕೆಂಪೇರಿತು, ಚೀರು ಮುಗಿದದ್ದೇ ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡು ಬಗ್ಗಿದಳು. ಬಗ್ಗಿದವಳು ತಲೆ ಎತ್ತಿದಾಗ ಗಾಜಿನಲ್ಲಿ ಕಿರುಚಕ್ಕನ ಮುಖ ಕಂಡಳು.

ತನ್ನ ಅಮ್ಮನನ್ನು ಯಾರೋ ಎತ್ತಿಕೊಂಡು ಹೋಗಿ ತಮ್ಮ ಮನೆಯಲ್ಲಿ ಕೂರಿಸಿಕೊಂಡ ಹಾಗನ್ನಿಸಿತು ಕಿರುಚಕ್ಕನಿಗೆ. ಸ್ಲೇಟಿನ ಮೇಲೆ ಬರೆಯಲು ಹೋದರೆ ಬಳಪ ಮುರಿಯಿತು. ಮುರಿದ ತುಂಡಿನಲ್ಲೇ ಸೌಂಡಣ್ಣನಿಗೆ ಬರೆದು ತೋರಿಸಿದಳು: 'ಯಾಕೆ ಇಟ್ಟುಕೊಂಡೆ?'

ಅವನು ಎದ್ದು ನಿಂತ. "ಮೈಕು ಆನ್ ಇರ್ತಿತ್ತು ಅಕ್ಕ. ಅಳಿಸಬೇಕಿತ್ತು. ಅಳಿಸಲಿಲ್ಲ. ಊಟ ಮಾಡುವಾಗ ಹಾಕ್ಕೊಂಡು ಕೇಳ್ತಿದ್ದೆ. ಒಬ್ಬನೇ ಇರೋನು ನಾನು, ಮನೇಲಿ ಮಾತು ಅಂತ ಇರೋದಿಲ್ಲ. ಯಜಮಾನರಿಗೆ ಅದು ಗೊತ್ತಾಯ್ತು. ಕೇಳಿದ್ರು, ಕೊಟ್ಟೆ."

ಕೊಡಲ್ಲ ಅನ್ನಬಹುದಿತ್ತು. ಅದನ್ನು ಅವಳು ಬರೆಯಲಿಲ್ಲ, ಅವನಿಗೂ ಗೊತ್ತಿತ್ತು.

ಮೇಡಂ ಹೊರಗೆ ಬಂದಳು. ಮುಖದ ಮೇಲೆ ಮೊದಲ ಬಾರಿಗೆ ನಗು ಇರಲಿಲ್ಲ. "ಹೊರಗಿನಿಂದ ಬೇರೆಯವರನ್ನ ಕರೆಸ್ತೀವಿ ಅಂತಿದ್ರು ಅಕ್ಕ. ಅವರು ಬಂದ್ರೆ ನಿಮ್ಮ ಜಾಗ ಹೋಗೋದು. ನಾನು ಕಾಲೇಜಲ್ಲಿ ನಾಟಕ ಮಾಡ್ತಿದ್ದೆ. ನೀವು ಬರೋವರೆಗೆ ನಾನು ಹೇಗೋ ತೂಗಿಸ್ತೀನಿ, ನಿಮ್ಮ ಜಾಗ ಉಳಿಯುತ್ತೆ ಅಂತ..."

'ಮೊದಲು ಹೇಳಿದ್ದು ಯಾರು? ನೀನಾ, ಯಜಮಾನರಾ?'

ಮೇಡಂ ಸ್ಲೇಟು ನೋಡಿದಳು, ಸೌಂಡಣ್ಣನನ್ನು ನೋಡಿದಳು. "ಅವರೇ" ಅಂದಳು. ಆದರೆ ಉತ್ತರ ಬರಲು ಸ್ವಲ್ಪ ತಡವಾಗಿತ್ತು. ಸೌಂಡಣ್ಣ ನೆಲ ನೋಡಿದ. ಕಿರುಚಕ್ಕ ಆ ತಡವನ್ನು ಮನಸ್ಸಿನ ಗಂಟಿಗೆ ಕಟ್ಟಿಕೊಂಡಳು.

ಸಿಟ್ಟು ನೆತ್ತಿಗೇರಿತ್ತು, ನಿಜ. ಆದರೆ ಎದುರಿಗೆ ನಿಂತವಳು ಉಗುಳು ನುಂಗಲು ಕತ್ತು ಮುಂದೆ ಚಾಚುತ್ತಿದ್ದಳು. ಹಾಗೆ ಚಾಚುವುದು ಯಾವಾಗ ಅನ್ನುವುದು ಕಿರುಚಕ್ಕನಿಗೆ ತನ್ನ ಗಂಟಲಿನಿಂದಲೇ ಗೊತ್ತಿತ್ತು. ಅವಳ ಗದ್ದದ ಕೆಳಗೆ ಬೆರಳಿಟ್ಟು ನೋಡಿದಳು, ಕಲ್ಲಿನ ಹಾಗೆ ಬಿಗಿದಿತ್ತು. ಜಗಳ ಆಮೇಲೆ ಆಡಬಹುದು. ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದಳು: 'ಇವತ್ತಿಗೆ ಸಾಕು.' ಮೇಡಂ ಕೈ ಹಿಡಿದು ಎಳೆದುಕೊಂಡು ಊಟದ ಕೋಣೆಗೆ ಹೋಗಿ, ಬಿಸಿನೀರು ಕೊಟ್ಟು, ಅವಳೇ ತರಿಸಿದ್ದ ದಿಂಬಿನ ಮೇಲೆ ಅವಳನ್ನೇ ಕೂರಿಸಿದಳು.

ರೆಕಾರ್ಡಿಂಗ್ ನಿಂತದ್ದು ತಿಳಿದು ಆಯ್ತಪ್ಪ ಸಾರ್ ಫೋನು ನೋಡುತ್ತಲೇ ಬಂದರು. "ಓ, ನೀವಾ? ಹುಷಾರಾದ್ರಾ? ಒಳ್ಳೇದಾಯ್ತು, ಒಳ್ಳೇದಾಯ್ತು."

ಕಿರುಚಕ್ಕ ಸ್ಲೇಟು ಒರೆಸಿ, ಹೊಸದಾಗಿ ಬರೆದು ಎತ್ತಿ ಹಿಡಿದಳು. ಅವರು ಓದಲಿಲ್ಲ. ಸ್ಲೇಟನ್ನು ಇನ್ನೂ ಹತ್ತಿರ ಹಿಡಿದಳು. ಅವರು ಫೋನಿನಲ್ಲಿ ಯಾರಿಗೋ ಏನೋ ಬರೆಯುತ್ತಿದ್ದರು. ದನಿ ಇಲ್ಲದವರ ಕಡೆ ತಿರುಗಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಆಗ ಕ್ಷೇಮದ ಮೇಡಂ ದಿಂಬಿನಿಂದ ಎದ್ದು, ಕಿರುಚಕ್ಕನ ಭುಜದ ಪಕ್ಕ ನಿಂತು, ಸ್ಲೇಟಿನಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದಳು.

"ಒಂದು ಗಂಟಲಿನ ಮೇಲೆ ಇಡೀ ಊರನ್ನ ಸುಡಬೇಡಿ."

ವಾರಗಟ್ಟಲೆ ಅಭ್ಯಾಸ ಮಾಡಿದ್ದಕ್ಕೋ ಏನೋ, ಅದು ಕಿರುಚಕ್ಕನ ದನಿಯಲ್ಲೇ ಬಂತು. ಮಾತಿನ ಕೊನೆ ನುಂಗಿದ್ದೂ ಹಾಗೇ. ಯಜಮಾನರು ತಟ್ಟನೆ ತಲೆ ಎತ್ತಿದರು. ಕಿರುಚಕ್ಕ ಅಂಗೈಯಿಂದ ಒರೆಸಿ ಮತ್ತೆ ಬರೆದಳು, ಮೇಡಂ ಮತ್ತೆ ಓದಿದಳು. ಚೀರುವ ಕೆಲಸ ಬೆಳಿಗ್ಗೆ ಮಾತ್ರ, ಅದೂ ನಡುನಡುವೆ ಬಿಡುವು ಕೊಟ್ಟು. ಹೇಳದೆ ಕೇಳದೆ ಯಾರ ಮಾತನ್ನೂ ರೆಕಾರ್ಡ್ ಮಾಡಕೂಡದು. ಯಾರ ದನಿಯನ್ನೂ ಅವರನ್ನು ಕೇಳದೆ ಇನ್ನೊಬ್ಬರ ಬಾಯಿಗೂ ಹಾಕಬಾರದು, ಯಂತ್ರದ ಬಾಯಿಗೂ ಹಾಕಬಾರದು. ಮೇಜುಗಳಿಂದ ಒಬ್ಬೊಬ್ಬರೇ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಆಯ್ತಪ್ಪ, ಆಯ್ತು" ಅಂದರು ಯಜಮಾನರು.

ಇಷ್ಟು ಸಲೀಸಾಗಿ ಆಯ್ತು ಅಂದದ್ದು ಕಿರುಚಕ್ಕನಿಗೆ ಹಿಡಿಸಲಿಲ್ಲ. ಬರೆದಳು. ಮೇಡಂ ಓದಿದಳು: "ಆಯ್ತು ಅಂದ್ರೆ ಏನು ಸಾರ್? ಯಾವತ್ತಿನಿಂದ?"

ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಹಿಂದಕ್ಕೆ ಹಬ್ಬಿತು. ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದ ಹುಡುಗಿ, "ನಮಗೂ ಮನೆಗೆ ಹೋಗಬೇಕು ಸಾರ್" ಅಂದಳು. ಅವಳು ಹೇಳಿದ್ದೇ ತಡ, ಒಬ್ಬರ ಮೇಲೊಬ್ಬರು ಬಾಯಿ ಬಿಟ್ಟರು. ಮಗಳ ಮುಖ ನೋಡಿ ವಾರವಾಯಿತು ಅಂದವನೊಬ್ಬ, ಬೆನ್ನು ನೆಟ್ಟಗೆ ನಿಲ್ಲುತ್ತಿಲ್ಲ ಅಂದವನೊಬ್ಬ. ಕ್ಷೇಮದ ಮೇಡಂ ಮುಂದೆ ಹವಾಮಾನ ಮಾತಾಡಿದವರೆಲ್ಲ ಅಂದು ಅವಳ ಎದುರಿಗೇ ಕಷ್ಟ ಹೇಳಿಕೊಂಡರು. ಆಯ್ತಪ್ಪ ಸಾರ್ ಫೋನು ಜೇಬಿಗೆ ಹಾಕಿಕೊಂಡು ಕುರ್ಚಿ ಹುಡುಕಿ ಕೂತರು.

ಆ ಮಧ್ಯಾಹ್ನವೇ ಗೇಮು ಹೊರಬರುವ ದಿನವನ್ನು ಮುಂದಕ್ಕೆ ಹಾಕಿದರು. ನಿಮಗೋಸ್ಕರ ಇಷ್ಟು ದೊಡ್ಡ ನಷ್ಟ ತಲೆ ಮೇಲೆ ಹಾಕಿಕೊಳ್ಳುತ್ತಿದ್ದೇನೆ ಅಂದರು. ಕೆಲವರು ಕಣ್ಣು ಒರೆಸಿಕೊಂಡರು. ಗೇಮಿನಲ್ಲಿ ಬೇರೆ ಏನೋ ದೋಷ ಕಂಡು, ದಿನ ಮುಂದಕ್ಕೆ ಹೋಗುವುದು ಹಿಂದಿನ ವಾರವೇ ನಿಶ್ಚಯವಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಕಿರುಚಕ್ಕನಿಗೆ ಆಶ್ಚರ್ಯವಾಗಲಿಲ್ಲ. ಹೇಗೆ ಬಂದರೂ ಬಂದ ಬಿಡುವನ್ನು ಯಾರೂ ವಾಪಸು ಕೊಡಲಿಲ್ಲ. ಮೇಜಿನ ಕೆಳಗಿನ ಹಾಸಿಗೆಗಳು ಮನೆಗೆ ಹೋದವು.

ಸೌಂಡಣ್ಣ ಅವಳ ಎದುರಿಗೇ ಅವಳ ಮಾತುಗಳನ್ನೆಲ್ಲ ಅಳಿಸಿದ. ಒಂದೊಂದು ಅಳಿಸುವಾಗಲೂ ಹಳೆಯ ಫೋಟೋ ಸುಡುವವನ ಮುಖ ಅವನದು. ಇನ್ನೆಲ್ಲೂ ಪ್ರತಿ ಇಲ್ಲ ಅಂತ ಆಣೆ ಮಾಡಿದ. ಅವಳು ತಲೆಯಾಡಿಸಿದಳು. ನಂಬಿದೆ ಅಂತಲೂ ಅಲ್ಲ, ನಂಬಲಿಲ್ಲ ಅಂತಲೂ ಅಲ್ಲ.

ಡಾಕ್ಟರು ಸಾಕು ಅಂದ ದಿನ ಅವಳು ಬಾಯಿ ತೆರೆದಾಗ, ಇನ್ಯಾರದೋ ಗಂಟಲಿನಿಂದ ಬಂದಂಥ ದನಿ ಬಂತು. ತಗ್ಗಿತ್ತು, ಅಂಚಿನಲ್ಲಿ ಸ್ವಲ್ಪ ಹರಿದಿತ್ತು. ಗಂಡ ಇನ್ನೊಂದು ಲಿಫ್ಟಿನ ಕತೆಯ ನಡುವೆ ಇದ್ದ. "ಆ ದಂಪತಿ ಆಮೇಲೆ ಏನಾದ್ರು, ಅದನ್ನ ಹೇಳಿ" ಅಂದಳು. ಅವನು ಹೇಳಬೇಕಾದ್ದು ಮರೆತು ಅವಳ ಮುಖವನ್ನೇ ನೋಡುತ್ತ ಕೂತ.

ಎಳೆ ಹೆಂಗಸರ ಚೀರು ಇನ್ನು ಅವಳಿಂದಾಗದು. ಈಗ ಅವಳು ರಾಜಮಾತೆಯರಿಗೆ, ಮಾಟಗಾತಿಯರಿಗೆ, ಗಾಯಗೊಂಡ ಮೃಗಗಳಿಗೆ ದನಿ ಕೊಡುತ್ತಾಳೆ. ಎಳೆಯರ ಸಾವೆಲ್ಲ ಕ್ಷೇಮದ ಮೇಡಂ ಪಾಲಿಗೆ ಬಂತು. ನೀನು ಯಾರ ಕಡೆಯವಳು ಅಂತ ಯಜಮಾನರು ಕೇಳಿದ ದಿನವೇ ಅವಳು ಕ್ಷೇಮದ ಕೆಲಸ ಬಿಟ್ಟು ಗೂಡಿಗೆ ಬಂದಿದ್ದಳು. ಕಚೇರಿಯ ಕೆಲವರು, ಮೊದಲಿನಿಂದಲೂ ಅವಳ ಕಣ್ಣು ಆ ಜಾಗದ ಮೇಲೇ ಇತ್ತು ಅನ್ನುತ್ತಾರೆ. ಕಿರುಚಕ್ಕ ಹೌದು ಅಂತಲೂ ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ. ಅವಳನ್ನು ಎದುರು ನಿಲ್ಲಿಸಿಕೊಂಡು ಉಸಿರು ತೆಗೆಯುವುದನ್ನು ಕಲಿಸುತ್ತಾಳೆ, ಗದ್ದದ ಕೆಳಗೆ ಬೆರಳಿಟ್ಟು ಬಿಗಿ ನೋಡುತ್ತಾಳೆ.

ಒಂದು ದಿನ ಹಾಗೆ ಬೆರಳಿಟ್ಟುಕೊಂಡೇ ಕೇಳಿದಳು. "ನಿಜ ಹೇಳು. ನಾನು ಮಾಡ್ತೀನಿ ಅಂತ ಮೊದಲು ಹೇಳಿದ್ದು ಯಾರು?"

ಮೇಡಂ ಈ ಸಲ ತಡ ಮಾಡಲಿಲ್ಲ. "ನಾನೇ ಅಕ್ಕ. ನಿಮ್ಮ ಜಾಗ ಉಳೀಲಿ ಅಂತ ಹೇಳಿದ್ದೂ ಸುಳ್ಳಲ್ಲ. ಆದ್ರೆ ಅದೊಂದೇ ಅಲ್ಲ. ದಿನಾ ಎಲ್ಲರ ಮುಂದೆ ನಗ್ತಾ ಕೂತು ಕೂತು, ಏನೂ ಮಾಡೋಕಾಗದೆ, ಸಂಜೆ ಹೊತ್ತಿಗೆ ಎದೆ ಒಡೆಯೋ ಹಾಗಾಗೋದು. ಬಾಗಿಲು ಹಾಕ್ಕೊಂಡು ಜೋರಾಗಿ ಒಂದ್ಸಲ ಕಿರುಚಬೇಕು ಅನ್ನಿಸ್ತಿತ್ತು. ಈ ಗೂಡು ಬಿಟ್ರೆ ಬೇರೆ ಎಲ್ಲೂ ಕಿರುಚೋ ಹಾಗಿರಲಿಲ್ಲ."

ಕಿರುಚಬೇಕು ಅನ್ನಿಸಿದ ಮಾತನ್ನು ಕಿರುಚಕ್ಕ ಆ ಕ್ಷಣವೇ ನಂಬಿದಳು. ಜಾಗ ಉಳಿಸುವ ಮಾತಿನ ಬಗ್ಗೆ ಇನ್ನೂ ಯೋಚಿಸುತ್ತಿದ್ದಾಳೆ. "ಸರಿ, ಹೊಟ್ಟೆಯಿಂದ ತೆಗಿ" ಅಂದಳು. "ಗಂಟಲಿಗೆ ಕೈ ಹಾಕಬೇಡ." ಗಾಜಿನಾಚೆ ಸೌಂಡಣ್ಣ ಕೈ ಎತ್ತಿದ.